ಲೋರಿಕೀಟ್‌ಗೆ ಕೊಡ್ತಿದ್ದ ನೆಕ್ಟರ್ ಪೌಡರ್ ಸಿಗ್ತಿಲ್ಲ, ಬದಲಿಗೆ ಏನು ಕೊಡ್ಬಹುದು?

ಹೂಕೊಕ್ಕು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ಜೋಡಿ ರೇನ್‌ಬೋ ಲೋರಿಕೀಟ್ (ಹೂವಿನ ಮಕರಂದ ಅಂದ್ರೆ ನೆಕ್ಟರ್ ನೆಕ್ಕೋ ಗಿಳಿ, ಲೋರಿ ಅಂತಲೂ ಅಂತಾರೆ) ಇದಾವೆ, ಒಂದು ಗಂಡು ಒಂದು ಹೆಣ್ಣು, ಎರಡೂ ಬೆಳೆದಿರೋವು. ಇಷ್ಟು ದಿನ ಲೋರಿಗಳಿಗೆ ಅಂತಲೇ ಬರೋ ರೆಡಿಮೇಡ್ ನೆಕ್ಟರ್ ಪೌಡರನ್ನ ನೀರಲ್ಲಿ ಕಲಸಿ ಕೊಡ್ತಿದ್ದೆ, ಜೊತೆಗೆ ಸೇಬು, ಪಪ್ಪಾಯ, ದ್ರಾಕ್ಷಿ. ಈಗ ಆ ಪೌಡರ್ ಎಲ್ಲೂ ಸ್ಟಾಕ್ ಇಲ್ಲ, ಯಾವಾಗ ಬರತ್ತೆ ಅಂತ ಕೇಳಿದ್ರೆ ಯಾರೂ ಸರಿಯಾಗಿ ಹೇಳ್ತಿಲ್ಲ, ನನ್ನ ಡಬ್ಬದಲ್ಲಿ ತಳದಲ್ಲಿ ಸ್ವಲ್ಪ ಉಳಿದಿದೆ ಅಷ್ಟೇ.

ಮನೇಲೇ ಮಾಡ್ಕೊಳ್ಳೋಣ ಅಂತ ಹುಡುಕಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಬ್ರು ಜೇನುತುಪ್ಪ ನೀರಲ್ಲಿ ಕಲಸಿ ಕೊಟ್ರೆ ಸಾಕು ಅಂತಾರೆ, ಇನ್ನೊಬ್ರು ಜೇನು ಮುಟ್ಟಲೇಬೇಡಿ ಅಂತಾರೆ. ಮಕ್ಕಳ ಸೀರಿಯಲ್, ಹಾಲಿನ ಪುಡಿ, ಕಿತ್ತಳೆ ಜ್ಯೂಸ್ ಮೂರನ್ನೂ ಮಿಕ್ಸಿಗೆ ಹಾಕಿ ಅಂತ ಒಂದು ರೆಸಿಪಿ ತುಂಬಾ ಕಡೆ ಇದೆ. ಬೀ ಪೋಲನ್ (ಜೇನುಹುಳ ತಂದ ಪರಾಗ) ಕ್ಯಾಪ್ಸೂಲ್ ಒಡೆದು ಹಾಕಿ ಅನ್ನೋರೂ ಇದಾರೆ. ಯಾವುದನ್ನ ನಂಬೋದು? ಜೇನಾ ಸಕ್ಕರೆನಾ, ಪ್ರೋಟೀನ್‌ಗೆ ಏನು ಮಾಡೋದು, ಪರಾಗ ಇಲ್ದೆ ನಡೆಯತ್ತಾ, ಮತ್ತೆ ಮುಖ್ಯವಾಗಿ ಮನೇಲಿ ಮಾಡಿದ್ದನ್ನ ಎಷ್ಟು ದಿನ ಕೊಡ್ಬಹುದು. ಹೆಣ್ಣು ಇತ್ತೀಚೆಗೆ ಮೂಲೆ ಮೂಲೆ ಹುಡುಕ್ತಾ ಪೇಪರ್ ಹರೀತಿದೆ, ಮೊಟ್ಟೆ ಇಡೋ ಹಾಗೆ ಕಾಣ್ಸತ್ತೆ, ಅದಕ್ಕೇ ನಂಗೆ ಇನ್ನೂ ಭಯ. ಸಾಕಿ ಅನುಭವ ಇರೋರು ದಯವಿಟ್ಟು ಹೇಳಿ.


ರೆಕ್ಕೆಗೂಡು:

ಮೊದಲನೇದಾಗಿ ಡಬ್ಬದಲ್ಲಿ ಉಳಿದಿರೋದನ್ನ ಪೂರ್ತಿ ಖಾಲಿ ಮಾಡಿ ಆಮೇಲೆ ಒಂದೇ ಸಲ ಹೊಸದಕ್ಕೆ ಹೋಗ್ಬೇಡಿ. ಇವತ್ತಿಂದಲೇ ಹಳೇದರಲ್ಲಿ ಸ್ವಲ್ಪ ಸ್ವಲ್ಪ ಹೊಸದು ಸೇರಿಸ್ತಾ ಹೋಗಿ, ಒಂದೆರಡು ವಾರದಲ್ಲಿ ಪೂರ್ತಿ ಬದಲಾಗೋ ಹಾಗೆ. ಲೋರಿಗಳು ಬಣ್ಣ, ರುಚಿ ಸ್ವಲ್ಪ ಬದಲಾದ್ರೂ ಬಟ್ಟಲಿನ ಹತ್ರ ಬಂದು ನೋಡಿ ವಾಪಸ್ ಹೋಗಿಬಿಡ್ತವೆ, ಅವು ಉಪವಾಸ ತಡ್ಕೊಳ್ಳೋ ಹಕ್ಕಿ ಅಲ್ಲವೇ ಅಲ್ಲ.

ಇನ್ನು ಬದಲಿ ಅಂದಾಗ ನಾವು ಯಾವುದರ ಬದಲಿ ಹುಡುಕ್ತಿದೀವಿ ಅನ್ನೋದು ಸ್ಪಷ್ಟ ಇರ್ಬೇಕು. ನಿಮ್ಮ ಹಕ್ಕಿ ಬಟ್ಟಲಿಂದ ನೆಕ್ಕುವಾಗ ಪಕ್ಕದಿಂದ ಹತ್ರ ಹೋಗಿ ನೋಡಿ, ನಾಲಿಗೆ ಹೊರಗೆ ಬಂದಾಗ ತುದೀಲಿ ಸಣ್ಣ ಸಣ್ಣ ಎಳೆಗಳು ಎದ್ದು ನಿಂತು ಬ್ರಷ್ ಥರ ಅರಳತ್ತೆ, ಒಳಗೆ ಹೋಗುವಾಗ ಮಡಚ್ಕೊಳ್ಳತ್ತೆ. ಆ ಎಳೆಗಳು ಇರೋದು ಬರೀ ಸಿಹಿ ನೀರು ಹೀರೋಕಲ್ಲ, ಹೂವಿಂದ ಪರಾಗ ಬಾಚ್ಕೊಳ್ಳೋಕೂ ಹೌದು. ಆಸ್ಟ್ರೇಲಿಯಾದಲ್ಲಿ, ನ್ಯೂಗಿನಿಯಲ್ಲಿ, ಪೂರ್ವ ಇಂಡೋನೇಷ್ಯಾದ ದ್ವೀಪಗಳಲ್ಲಿ ಕಾಡಲ್ಲಿರೋ ಲೋರಿಗಳು ನೀಲಗಿರಿ ಜಾತಿ ಮರ, ಬಾಟಲ್ ಬ್ರಷ್, ಗ್ರೆವಿಲಿಯಾ ಹೂಗಳ ಮೇಲೆ ಇಡೀ ದಿನ ಕಳೀತವೆ, ಮಕರಂದದಿಂದ ಶಕ್ತಿ ಪರಾಗದಿಂದ ಪ್ರೋಟೀನ್, ಜೊತೆಗೆ ಮೆತ್ತನೆ ಹಣ್ಣು, ಎಳೆ ಮೊಗ್ಗು, ಅಷ್ಟಿಷ್ಟು ಹುಳ. ಹಾಗಾಗಿ ಸಕ್ಕರೆಗೆ ಬದಲಿ ಹುಡುಕೋದು ಸುಲಭ, ಸಕ್ಕರೆ ಎಲ್ಲಾ ಕಡೆ ಸಿಗತ್ತೆ. ಕಷ್ಟ ಇರೋದು ಪರಾಗದ ಜಾಗದಲ್ಲಿ ಏನು ಇಡೋದು ಅನ್ನೋದರಲ್ಲಿ, ಮತ್ತೆ ಆ ಜಾಗ ತುಂಬೋಕೆ ಹೋಗಿ ಬೇಡದ್ದನ್ನ ಜಾಸ್ತಿ ತುಂಬ್ದೆ ಇರೋದರಲ್ಲಿ.

ನಾನು ಹೇಳೋದಾದ್ರೆ ಕ್ರಮ ಹೀಗೆ. ಬೇರೆ ಕಂಪನಿಯ ಲೋರಿ ಫುಡ್ ಯಾವುದಾದ್ರೂ ಸಿಕ್ಕಿದ್ರೆ ಅದೇ ಮೊದಲು, ಬ್ರಾಂಡ್ ಬದಲಾದ್ರೆ ಪರವಾಗಿಲ್ಲ. ಅದೂ ಸಿಗಲಿಲ್ಲ ಅಂದ್ರೆ ಮೈನಾ, ಟೂಕನ್ ಥರ ಹಣ್ಣು ತಿನ್ನೋ ಹಕ್ಕಿಗಳಿಗೆ ಅಂತ ಕಡಿಮೆ ಕಬ್ಬಿಣದ ಪೆಲೆಟ್ (ಸಣ್ಣ ಗುಳಿಗೆ ಥರದ ರೆಡಿಮೇಡ್ ಆಹಾರ) ಬರತ್ತೆ, ಅದನ್ನ ಬೇಸ್ ಆಗಿ ತಗೊಳ್ಳಿ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಕುದಿಸಿ ಆರಿಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿಡಿ, ಮೆತ್ತಗಾದ ಮೇಲೆ ಬೇಯಿಸಿದ ಗೆಣಸು ಅಥವಾ ಕುಂಬಳಕಾಯಿ, ಒಂದು ಸೇಬೋ ಪೇರ್ಸೋ ಸೇರಿಸಿ ಮತ್ತೆ ರುಬ್ಬಿ. ಸಿಹಿಗೆ ಮಾಮೂಲಿ ಸಕ್ಕರೆ, ಒಂದು ಪಾಲು ಸಕ್ಕರೆಗೆ ನಾಲ್ಕೈದು ಪಾಲು ನೀರು ಲೆಕ್ಕದಲ್ಲಿ ಕರಗಿಸಿ ಇದಕ್ಕೆ ಬೆರೆಸಿ. ದೋಸೆ ಹಿಟ್ಟಿಗಿಂತ ತೆಳ್ಳಗೆ, ನಾಲಿಗೆಯಿಂದ ನೆಕ್ಕೋಕಾಗೋ ಹಾಗೆ ಇರ್ಬೇಕು. ತರಿ ತರಿ ಉಳಿದ್ರೆ ಸೋಸಿಬಿಡಿ, ಇಲ್ಲಾಂದ್ರೆ ನೀರು ಮಾತ್ರ ಕುಡಿದು ತಳದಲ್ಲಿ ಪೆಲೆಟ್ ಪುಡಿ ಹಾಗೇ ಬಿಟ್ಟಿರ್ತವೆ, ಹಕ್ಕಿ ಬಟ್ಟಲು ಖಾಲಿ ಮಾಡ್ತು ಅಂತ ನೀವು ಅಂದ್ಕೊಂಡಿರ್ತೀರಿ, ಅದು ತಿಂದಿರೋದು ಬರೀ ಸಕ್ಕರೆ.

ಜೇನು ಯಾಕೆ ಬೇಡ ಅಂದ್ರೆ ಅದರಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಣಗಳು ಇರ್ಬಹುದು, ಗಟ್ಟಿ ಜೇನಲ್ಲಿ ಅವು ಸುಮ್ನಿರ್ತವೆ, ನೀರು ಸೇರಿಸಿದ ತಕ್ಷಣ ಪರಿಸ್ಥಿತಿ ಬದಲಾಗತ್ತೆ, ಬೇಗ ಹುಳಿಯೂ ಬರತ್ತೆ. ಸಕ್ಕರೆಯಲ್ಲಿ ಆ ತಲೆನೋವಿಲ್ಲ, ಮಾಮೂಲಿ ಸಕ್ಕರೆ ಅರಗಿಸೋ ಶಕ್ತಿ ಲೋರಿಗಳಿಗೆ ಚೆನ್ನಾಗೇ ಇದೆ, ಹೂವಿನ ಮಕರಂದದಲ್ಲೂ ಅದೇ ಸುಕ್ರೋಸ್ ಇರತ್ತೆ ಗ್ಲೂಕೋಸ್ ಫ್ರಕ್ಟೋಸ್ ಜೊತೆಗೆ. ಸಕ್ಕರೆ ಬದಲು ಬರೋ ಶುಗರ್‌ಫ್ರೀ ಪುಡಿಗಳನ್ನ ಮಾತ್ರ ಹತ್ರಕ್ಕೂ ತರ್ಬೇಡಿ.


ಬಿಸಿಲುಗಿಳಿ:

ಇಷ್ಟೆಲ್ಲಾ ಯಾಕೆ ಕಷ್ಟ ಅಂತ ನಂಗೆ ನಿಜವಾಗ್ಲೂ ಅರ್ಥ ಆಗ್ತಿಲ್ಲ. ನಮ್ಮ ಪರಿಚಯದವರ ಮನೇಲಿ ಒಂದು ಲೋರಿ ಬೇರೆ ಗಿಳಿಗಳ ಜೊತೆ ಸೂರ್ಯಕಾಂತಿ ಬೀಜ, ಸಿರಿಧಾನ್ಯ ಎಲ್ಲಾ ತಿಂದ್ಕೊಂಡು ಆರಾಮಾಗಿದೆ. ಗಿಳಿ ಅಂದ್ಮೇಲೆ ಕಾಳು ತಿನ್ನಲ್ವಾ? ಹಿಕ್ಕೆ ಕೂಡ ಗಟ್ಟಿ ಬರತ್ತೆ, ಗೋಡೆ ಎಲ್ಲಾ ಗಲೀಜಾಗಲ್ಲ.


ರೆಕ್ಕೆಗೂಡು:

ಬಿಸಿಲುಗಿಳಿ ಅವರೇ, ಬೇಜಾರ್ ಮಾಡ್ಕೋಬೇಡಿ, ಇದು ನೇರವಾಗೇ ಹೇಳ್ಬೇಕಾದ ವಿಷಯ. ಕಾಳು ತಿನ್ನೋ ಗಿಳಿಗೆ ಕಾಳು ಅರೆಯೋಕೆ ಹೊಟ್ಟೇಲಿ ದಪ್ಪ ಮಾಂಸಖಂಡದ ಚೀಲ ಇರತ್ತೆ, ಲೋರಿಗಳಲ್ಲಿ ಆ ಚೀಲ ತೆಳು, ಶಕ್ತಿ ಕಡಿಮೆ, ಕರುಳೂ ಗಿಡ್ಡ, ತಿಂದಿದ್ದು ಬೇಗ ಬೇಗ ಹಾದು ಹೋಗತ್ತೆ. ಕಾಳು ಸುಲಿದು ತಿನ್ನೋಕೆ ಅವಕ್ಕೆ ಬರತ್ತೆ, ಹಸಿವಾದ್ರೆ ತಿಂತವೆ, ಅದಕ್ಕೆ ಸರಿಹೋಗಿದೆ ಅನ್ನೋ ಹಾಗೆ ಕಾಣತ್ತೆ. ಸೂರ್ಯಕಾಂತಿಯ ಕೊಬ್ಬು ಲಿವರಲ್ಲಿ ಸೇರ್ಕೊಳ್ಳೋದು ಹೊರಗಿಂದ ಕಾಣಲ್ಲ. ಹಕ್ಕಿಗಳು ಕಾಯಿಲೆ ಬಚ್ಚಿಡ್ತವೆ, ಕಾಡಲ್ಲಿ ಸುಸ್ತಾಗಿರೋದು ಕಂಡ್ರೆ ಬೇಟೆ ಆಗಿಬಿಡ್ತವಲ್ಲ, ಅದೇ ಸ್ವಭಾವ ಪಂಜರದಲ್ಲೂ ಉಳಿದಿರತ್ತೆ. ಸರಿಯಾಗಿ ನೋಡ್ಕೊಂಡ್ರೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬಾಳೋ ಹಕ್ಕಿ ಇದು, ನಾಲ್ಕೈದು ವರ್ಷ ಆರಾಮಾಗಿದೆ ಅನ್ನೋದನ್ನ ಆ ಲೆಕ್ಕದಲ್ಲಿ ನೋಡ್ಬೇಕು. ಹಿಕ್ಕೆ ನೀರಾಗಿ ದೂರಕ್ಕೆ ಹಾರೋದು ಲೋರಿಗೆ ಆರೋಗ್ಯದ ಲಕ್ಷಣ, ಗೋಡೆಗೆ ಒರೆಸೋಕಾಗೋ ಶೀಟ್ ಹಾಕಿದ್ರೆ ಆಯ್ತು. ಆ ಪರಿಚಯದವರಿಗೆ ದಯವಿಟ್ಟು ಹೇಳಿ, ನಿಧಾನವಾಗಿ ನೆಕ್ಟರ್‌ಗೆ ತರೋಕೆ ಈಗಲೂ ಆಗತ್ತೆ.


ಪಕ್ಷಿವೈದ್ಯೆ:

ನಾನು ಪಶುವೈದ್ಯೆ, ಸಾಕು ಹಕ್ಕಿಗಳನ್ನೇ ಹೆಚ್ಚು ನೋಡೋದು. ರೆಕ್ಕೆಗೂಡು ಅವರು ಕಡಿಮೆ ಕಬ್ಬಿಣ ಅಂತ ಒಂದು ಪದದಲ್ಲಿ ಹೇಳಿ ಮುಂದೆ ಹೋದ್ರು, ನಾನು ಅಲ್ಲೇ ನಿಲ್ತೀನಿ, ಯಾಕಂದ್ರೆ ಮನೆ ರೆಸಿಪಿಗಳಲ್ಲಿ ಹಕ್ಕಿ ಜೀವಕ್ಕೆ ಅಪಾಯ ಬರೋದು ಇದೇ ಜಾಗದಿಂದ.

ಲೋರಿಗಳು, ಮೈನಾಗಳು, ಟೂಕನ್‌ಗಳು ಇವಕ್ಕೆಲ್ಲಾ ಕಬ್ಬಿಣ ಲಿವರಲ್ಲಿ ಶೇಖರ ಆಗೋ ಕಾಯಿಲೆ ಬರೋ ಸಾಧ್ಯತೆ ಬೇರೆ ಹಕ್ಕಿಗಳಿಗಿಂತ ಜಾಸ್ತಿ. ಮಕರಂದ, ಹಣ್ಣು ಎರಡರಲ್ಲೂ ಕಬ್ಬಿಣ ಕಡಿಮೆ, ಅದರ ಮೇಲೆ ಬದುಕೋ ದೇಹ ಸಿಕ್ಕಿದ್ದನ್ನ ಬಿಡದೆ ಹೀರ್ಕೊಳ್ಳೋ ಹಾಗೆ ರೂಪುಗೊಂಡಿದೆ. ಅಂಥ ದೇಹಕ್ಕೆ ನಾವು ದಿನಾ ಕಬ್ಬಿಣ ತುಂಬಿದ ಊಟ ಕೊಟ್ರೆ ಅದಕ್ಕೆ ಹೊರಗೆ ಹಾಕೋ ದಾರಿ ಇಲ್ಲ, ಲಿವರಲ್ಲಿ, ಆಮೇಲೆ ಹೃದಯದಲ್ಲಿ ಇಟ್ಕೊಳ್ತಾ ಹೋಗತ್ತೆ. ಎಷ್ಟೋ ಸಲ ಮೊದಲ ಲಕ್ಷಣವೇ ಸಾವು. ಇಲ್ಲಾಂದ್ರೆ ಹೊಟ್ಟೇಲಿ ನೀರು ತುಂಬಿ ಉಬ್ಬತ್ತೆ, ಕೂತಲ್ಲೇ ಬಾಲ ಮೇಲೆ ಕೆಳಗೆ ಮಾಡ್ತಾ ಉಸಿರಾಡೋಕೆ ಕಷ್ಟಪಡತ್ತೆ. ರಕ್ತ ಪರೀಕ್ಷೆಯಿಂದ ಖಚಿತವಾಗಿ ಗೊತ್ತಾಗಲ್ಲ, ಲಿವರ್‌ನ ಚೂರು ತೆಗೆದು ನೋಡಿದಾಗಲೇ ನಿಜ ತಿಳಿಯೋದು, ಚಿಕಿತ್ಸೆ ಅಂದ್ರೆ ಆಗಾಗ ಸ್ವಲ್ಪ ಸ್ವಲ್ಪ ರಕ್ತ ತೆಗೆಯೋದು, ಕಬ್ಬಿಣ ಹಿಡಿದು ಹೊರಹಾಕೋ ಇಂಜೆಕ್ಷನ್ ಕೊಡೋದು. ಅಷ್ಟು ಸಣ್ಣ ಜೀವಕ್ಕೆ ಅದೆಲ್ಲಾ ಎಷ್ಟು ಹಿಂಸೆ ಅಂತ ನೋಡಿರೋದರಿಂದ ಹೇಳ್ತಿದೀನಿ, ಬರದ ಹಾಗೆ ತಡೆಯೋದೇ ದಾರಿ.

ಈಗ ಆ ಫೇಮಸ್ ರೆಸಿಪಿ ನೋಡಿ. ಮಕ್ಕಳ ಸೀರಿಯಲ್‌ಗೆ ಬೇಕಂತಲೇ ಕಬ್ಬಿಣ ಸೇರಿಸಿರ್ತಾರೆ, ಮಗುವಿಗೆ ಅದು ಬೇಕು, ಲೋರಿಗೆ ಅದು ವಿಷದ ಥರ. ಅದರ ಜೊತೆ ಕಿತ್ತಳೆ ಜ್ಯೂಸ್, ಅಂದ್ರೆ ವಿಟಮಿನ್ ಸಿ, ಅದು ಕಬ್ಬಿಣವನ್ನ ಇನ್ನೂ ಚೆನ್ನಾಗಿ ಹೀರೋ ಹಾಗೆ ಮಾಡತ್ತೆ. ಎರಡೂ ಒಂದೇ ಬಟ್ಟಲಲ್ಲಿ! ಮೂರನೇದು ಹಾಲಿನ ಪುಡಿ, ಹಕ್ಕಿಗಳಿಗೆ ಹಾಲಿನ ಲ್ಯಾಕ್ಟೋಸ್ ಅರಗಲ್ಲ, ಭೇದಿ ಶುರುವಾಗತ್ತೆ, ಲೋರಿ ಹಿಕ್ಕೆ ಮೊದಲೇ ನೀರಾಗಿರೋದರಿಂದ ನಿಮಗೆ ವ್ಯತ್ಯಾಸವೂ ತಿಳಿಯಲ್ಲ. ಈ ರೆಸಿಪಿಯನ್ನ ಯಾರೂ ಮಾಡ್ಬೇಡಿ.

ಯಾವುದೇ ಪೆಲೆಟ್, ಪೌಡರ್ ತಗೊಂಡ್ರೂ ಲೇಬಲ್‌ನಲ್ಲಿ ಕಬ್ಬಿಣ ನೋಡಿ. ಇಂಥ ಹಕ್ಕಿಗಳಿಗೆ ಒಂದು ಕೆಜಿ ಆಹಾರದಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇರ್ಬೇಕು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಮಿತಿ. ಲೇಬಲ್‌ನಲ್ಲಿ ಕಬ್ಬಿಣದ ಅಂಕಿಯೇ ಇಲ್ಲ ಅಂದ್ರೆ ಕಂಪನಿಗೆ ಮೇಲ್ ಮಾಡಿ ಕೇಳಿ, ಹೇಳಲ್ಲ ಅಂದ್ರೆ ಬಿಟ್ಬಿಡಿ. ಹಣ್ಣಿನ ವಿಷಯದಲ್ಲಿ, ಸೇಬು, ಪೇರ್ಸ್, ದ್ರಾಕ್ಷಿ, ಬಾಳೆ, ಅಂಜೂರ ಇವುಗಳಲ್ಲಿ ವಿಟಮಿನ್ ಸಿ ಕಡಿಮೆ, ಪೆಲೆಟ್ ಮಿಶ್ರಣದ ಜೊತೆಗೇ ಕೊಡ್ಬಹುದು. ಪಪ್ಪಾಯ, ಕಿತ್ತಳೆ, ಕಿವಿ, ಸೀಬೆ ಇವುಗಳಲ್ಲಿ ಜಾಸ್ತಿ. ನೀವು ಪಪ್ಪಾಯ ಕೊಡ್ತಿದೀರ, ಪೂರ್ತಿ ನಿಲ್ಲಿಸ್ಬೇಕಾಗಿಲ್ಲ, ಆದ್ರೆ ಪೆಲೆಟ್ ಊಟಕ್ಕೆ ಬೆರೆಸದೆ ಬೇರೆ ಹೊತ್ತಲ್ಲಿ ಒಂದೆರಡು ಚೂರು ಕೊಡಿ.

ಇನ್ನೊಂದು, ವಿಟಮಿನ್ ಎ. ಗಿಳಿಗಳಿಗೆ ವಿಟಮಿನ್ ಎ ಕೊರತೆ ಅಂತ ಎಲ್ಲರೂ ಕೇಳಿರ್ತೀರಿ, ಅದು ಕಾಳು ಮಾತ್ರ ತಿನ್ನೋ ಗಿಳಿಗಳ ಮಾತು. 2003ರಲ್ಲಿ ಪ್ರಕಟವಾದ, ಕಾಕಟೀಲ್ ಅನ್ನೋ ಕಾಳು ತಿನ್ನೋ ಸಣ್ಣ ಗಿಳಿಗಳ ಮೇಲಿನ ಅಧ್ಯಯನದಲ್ಲಿ, ಬೆಳೆದ ಹಕ್ಕಿಗಳಿಗೆ ಕೊರತೆಗಿಂತ ಅತಿಯಾಗೋದೇ ಹೆಚ್ಚು ಅಪಾಯ ಅಂತ ಕಂಡುಬಂತು. ಪೆಲೆಟ್‌ನಲ್ಲಿ ಒಂದು ಸಲ, ಮೇಲೆ ಮಲ್ಟಿವಿಟಮಿನ್ ಡ್ರಾಪ್ಸ್ ಅಂತ ಇನ್ನೊಂದು ಸಲ ಹಾಕ್ಬೇಡಿ. ಗೆಣಸು, ಕುಂಬಳ, ಕ್ಯಾರೆಟ್ ಇವುಗಳಲ್ಲಿರೋದು ಬೀಟಾ ಕ್ಯಾರೋಟಿನ್, ದೇಹ ಬೇಕಾದಷ್ಟನ್ನೇ ವಿಟಮಿನ್ ಎ ಮಾಡ್ಕೊಳ್ಳತ್ತೆ, ಅದೇ ಸುರಕ್ಷಿತ ದಾರಿ. ರೆಕ್ಕೆಗೂಡು ಅವರ ಮಿಶ್ರಣದಲ್ಲಿ ಗೆಣಸು ಇರೋದು ನಂಗೆ ಅದಕ್ಕೇ ಇಷ್ಟ ಆಯ್ತು.


ಪರಾಗಲೋಕ:

ಪರಾಗದ ಬಗ್ಗೆ ಕೇಳಿದ್ರಲ್ಲ, ನಾನು ತುಂಬಾ ಓದಿರೋ ವಿಷಯ ಇದು, ಸ್ವಲ್ಪ ಉದ್ದ ಆಗತ್ತೆ ತಡ್ಕೊಳ್ಳಿ.

ಪರಾಗದ ಒಂದೊಂದು ಕಣಕ್ಕೂ ಹೊರಗೆ ಗಟ್ಟಿ ಕವಚ ಇರತ್ತೆ, ಅದು ಎಷ್ಟು ಗಟ್ಟಿ ಅಂದ್ರೆ ಕೆಸರಲ್ಲಿ ಹೂತು ಸಾವಿರಾರು ವರ್ಷ ಆದ್ರೂ ಕರಗಲ್ಲ, ಹಳೇ ಕಾಲದಲ್ಲಿ ಯಾವ ಕಾಡಿತ್ತು ಅಂತ ವಿಜ್ಞಾನಿಗಳು ಪತ್ತೆ ಹಚ್ಚೋದು ಅದರಿಂದಲೇ. ಇಂಥದ್ದನ್ನ ಲೋರಿ ಹೇಗೆ ಅರಗಿಸ್ಕೊಳ್ಳತ್ತೆ ಅನ್ನೋದರ ಮೇಲೆ ವರ್ಷಗಟ್ಟಲೆ ಚರ್ಚೆ ನಡೆದಿದೆ. 1989ರ ಒಂದು ಅಧ್ಯಯನದಲ್ಲಿ ಹಮ್ಮಿಂಗ್‌ಬರ್ಡ್, ಕಾಕಟೀಲ್, ಲೋರಿಕೀಟ್ ಮೂರಕ್ಕೂ ಪರಾಗ ಕೊಟ್ಟು ನೋಡಿದಾಗ ಕಣಗಳು ಹೆಚ್ಚಿನವು ಹಾಗೇ ಹೊರಗೆ ಬಂದಿದ್ವು, ಅಂದ್ರೆ ಪರಾಗದಿಂದ ಇವಕ್ಕೆ ಅಷ್ಟೇನೂ ಸಿಗಲ್ಲ ಅನ್ನೋ ಹಾಗೆ. ಆಮೇಲೆ 2001ರಲ್ಲಿ ಮಸ್ಕ್ ಲೋರಿಕೀಟ್ ಮತ್ತು ಸ್ವಿಫ್ಟ್ ಪ್ಯಾರಟ್ ಮೇಲೆ ನೀಲಗಿರಿ ಜಾತಿಯ ಪರಾಗದಿಂದ ಮಾಡಿದ ಕೆಲಸದಲ್ಲಿ ಚಿತ್ರ ಬೇರೆಯೇ ಬಂತು, ಕಣಗಳಲ್ಲಿ ಗಣನೀಯ ಪಾಲು ಒಳಗಿನ ಸಾರ ಕಳ್ಕೊಂಡು ಖಾಲಿ ಆಗಿದ್ವು. ಸ್ವಿಫ್ಟ್ ಪ್ಯಾರಟ್ ಲೋರಿಗಳ ಗುಂಪಿಗೆ ಸೇರಿದ್ದೇ ಅಲ್ಲ, ಟಾಸ್ಮೇನಿಯಾದಲ್ಲಿ ಮರಿ ಮಾಡೋ ಬೇರೆ ವಂಶದ ಗಿಳಿ, ಆದ್ರೂ ಹೂವಿನ ಮೇಲೇ ಬದುಕಿ ಬದುಕಿ ಅದಕ್ಕೂ ಬ್ರಷ್ ನಾಲಿಗೆ ಬಂದಿದೆ, ನಂಗೆ ಇದು ಓದಿದಾಗೆಲ್ಲಾ ಬೆರಗಾಗತ್ತೆ.

ಇದರಿಂದ ನಮಗೆ ಏನು ಉಪಯೋಗ ಅಂದ್ರೆ, ಹಕ್ಕಿ ತನಗೆ ಒಗ್ಗಿದ ಮರದ ತಾಜಾ ಪರಾಗ ತಿನ್ನೋದಕ್ಕೂ ನಾವು ಡಬ್ಬದಿಂದ ಬೀ ಪೋಲನ್ ಹಾಕೋದಕ್ಕೂ ವ್ಯತ್ಯಾಸ ಇದೆ. ಬೀ ಪೋಲನ್ ಅಂದ್ರೆ ಜೇನುಹುಳ ಯಾವ್ಯಾವುದೋ ಹೂವಿಂದ ತಂದು, ಮಕರಂದ ಮತ್ತು ಎಂಜಲು ಸೇರಿಸಿ ಉಂಡೆ ಕಟ್ಟಿದ್ದು. ಒಂದು ಡಬ್ಬದಲ್ಲಿರೋದು ಇನ್ನೊಂದರಲ್ಲಿ ಇರಲ್ಲ, ತೇವ ಇದ್ರೆ ಬೂಷ್ಟು, ಹೊಲಗಳ ಹತ್ರದ್ದಾದ್ರೆ ಕೀಟನಾಶಕದ ಭಯ. ಚಿಟಿಕೆ ಹಾಕಿದ್ರೆ ರುಚಿಗೆ ತಿಂತವೆ ನಿಜ, ಆದ್ರೆ ಇದರಿಂದ ಪ್ರೋಟೀನ್ ಆಗೋಯ್ತು ಅಂದ್ಕೊಳ್ಳೋದು ಬೇಡ. ಕ್ಯಾಪ್ಸೂಲ್ ಅಂತೂ ಬೇಡವೇ ಬೇಡ, ಅದರಲ್ಲಿ ಮನುಷ್ಯರಿಗೆ ಅಂತ ಇನ್ನೇನೇನೋ ಸೇರಿಸಿರ್ತಾರೆ.

ಸಮಾಧಾನದ ವಿಷಯ ಏನಂದ್ರೆ ಬೆಳೆದ ರೇನ್‌ಬೋ ಲೋರಿಕೀಟ್‌ಗೆ ದಿನನಿತ್ಯಕ್ಕೆ ಬೇಕಾಗೋ ಪ್ರೋಟೀನ್ ಕಾಳು ತಿನ್ನೋ ಗಿಳಿಗಳಿಗಿಂತ ತುಂಬಾ ಕಡಿಮೆ ಅಂತ ಪ್ರಯೋಗಗಳಲ್ಲಿ ಗೊತ್ತಾಗಿದೆ. ಪ್ರಮಾಣ ಕಡಿಮೆ ಸಾಕು, ಗುಣ ಚೆನ್ನಾಗಿರ್ಬೇಕು, ಬೇಕಾದ ಎಲ್ಲಾ ಅಮೈನೋ ಆಮ್ಲ ಇರ್ಬೇಕು. ಹಾಗಾಗಿ ಪೆಲೆಟ್ ಬೇಸ್ ಇದ್ರೆ ಜಿಮ್‌ನವರು ಕುಡಿಯೋ ಪ್ರೋಟೀನ್ ಪೌಡರ್ ಎಲ್ಲಾ ಸೇರಿಸೋ ಅಗತ್ಯವೇ ಬರಲ್ಲ. ಮರಿ ಸಾಕೋ ಜೋಡಿಗೆ, ಪುಕ್ಕ ಉದುರಿ ಹೊಸದು ಬರೋ ಕಾಲಕ್ಕೆ ಮಾತ್ರ ಸ್ವಲ್ಪ ಹೆಚ್ಚು ಬೇಕು.

ನೀವು ನಿಜವಾಗಿ ಪರಾಗ ಕೊಡ್ಬೇಕು ಅಂದ್ರೆ ಹೂವನ್ನೇ ಕೊಡಿ. ದಾಸವಾಳ, ಬಾಟಲ್ ಬ್ರಷ್, ನೀಲಗಿರಿ, ಗ್ರೆವಿಲಿಯಾ, ಔಷಧಿ ಹೊಡೀದೇ ಇರೋ ಗಿಡದಿಂದ ಕೊಂಬೆ ಸಮೇತ ತಂದು ಪಂಜರದಲ್ಲಿ ಕಟ್ಟಿ. ರಸ್ತೆ ಬದಿದು ಬೇಡ, ಅಂಗಡಿ ಹೂವು ಬೇಡ, ಕಣಗಿಲೆ ಕಡೆ ಅಂತೂ ಹೋಗ್ಲೇಬೇಡಿ ಅದು ಪೂರ್ತಿ ವಿಷ. ಬಾಟಲ್ ಬ್ರಷ್ ಕೊಂಬೆ ಸಿಕ್ಕಿದಾಗ ಲೋರಿ ಏನ್ ಮಾಡತ್ತೆ ನೋಡಿ, ತಲೆಕೆಳಗಾಗಿ ನೇತಾಡ್ಕೊಂಡು ಒಂದೊಂದು ಕೇಸರವನ್ನೂ ಬುಡದಿಂದ ತುದಿಗೆ ಬಾಚತ್ತೆ, ಹಣೆ ಕೆನ್ನೆ ಎಲ್ಲಾ ಹಳದಿ ಪುಡಿ. ಬಟ್ಟಲಲ್ಲಿ ಐದು ನಿಮಿಷಕ್ಕೆ ಮುಗಿಯೋ ಊಟ ಅಲ್ಲಿ ಗಂಟೆಗಟ್ಟಲೆ ನಡೆಯತ್ತೆ, ಪುಕ್ಕ ಕಿತ್ಕೊಳ್ಳೋದು, ಸುಮ್ನೆ ಕಿರುಚೋದು ಇಂಥದ್ದೆಲ್ಲಾ ಎಷ್ಟೋ ಕಡಿಮೆ ಆಗತ್ತೆ.

ಜೇನಿನ ಮಾತಿಗೆ ಒಂದು ಸೇರಿಸ್ತೀನಿ. ಆಸ್ಟ್ರೇಲಿಯಾದ ಕರಂಬಿನ್‌ನಲ್ಲಿ 1947ರಲ್ಲಿ ಅಲೆಕ್ಸ್ ಗ್ರಿಫಿತ್ಸ್ ಅನ್ನೋ ಹೂ ಬೆಳೆಗಾರ, ಜೇನು ಸಾಕಣೆಯೂ ಮಾಡ್ತಿದ್ರು, ಲೋರಿಕೀಟ್‌ಗಳು ತಮ್ಮ ಹೂವಿನ ಬೆಳೆ ಹಾಳ್ಮಾಡೋದು ತಪ್ಪಿಸೋಕೆ ಅವಕ್ಕೆ ಬೇರೆ ಊಟ ಇಡೋಕೆ ಶುರು ಮಾಡಿದ್ರು, ಮುಂದೆ ಅದೇ ಜಾಗ ಕರಂಬಿನ್ ವನ್ಯಜೀವಿ ಧಾಮ ಆಯ್ತು, ಇವತ್ತಿಗೂ ಕಾಡಿನ ಲೋರಿಕೀಟ್‌ಗಳು ಗುಂಪು ಗುಂಪಾಗಿ ಅಲ್ಲಿಗೆ ಬರ್ತವೆ. ಆ ದೇಶದಲ್ಲಿ ಜನ ಮನೆ ಹಿತ್ತಲಲ್ಲಿ ಬ್ರೆಡ್ಡು ಜೇನು ಇಟ್ಟು ಲೋರಿಗಳನ್ನ ಕರೆಯೋ ಅಭ್ಯಾಸ ತುಂಬಾ ಇತ್ತು, ಈಗ ಅಲ್ಲಿನ ವನ್ಯಜೀವಿ ರಕ್ಷಣೆ ಮಾಡೋರು ಅದನ್ನ ಬೇಡ ಬೇಡ ಅಂತಾರೆ, ಪೋಷಣೆ ಸಾಲದು, ಗಲೀಜು ಬಟ್ಟಲಿಂದ ಹಕ್ಕಿಯಿಂದ ಹಕ್ಕಿಗೆ ರೋಗ ಹರಡತ್ತೆ, ಕರುಳು ಕೊಳೆಯೋ ಕಾಯಿಲೆಯಲ್ಲಿ ಸಾಯ್ತವೆ.


ಹೂಕೊಕ್ಕು:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಮೈನಾಗೆ ಅಂತ ಬರೋ ಪೆಲೆಟ್ ಹುಡುಕಿದೆ, ಲೇಬಲ್‌ನಲ್ಲಿ ಕಬ್ಬಿಣ 100ಕ್ಕಿಂತ ಕಡಿಮೆ ಅಂತ ಬರೆದಿದೆ, ಆರ್ಡರ್ ಮಾಡಿದೀನಿ. ಇನ್ನೂ ಮೂರು ಪ್ರಶ್ನೆ. ಒಂದು, ಪುಡಿಯನ್ನ ಒಣಗಿದ್ದೇ ಬಟ್ಟಲಲ್ಲಿಟ್ಟು ನೀರು ಪಕ್ಕದಲ್ಲಿಟ್ರೆ ಆಗತ್ತಾ, ನಾನು ಬೆಳಿಗ್ಗೆ ಹೋದ್ರೆ ಸಂಜೆ ಬರೋದು. ಎರಡು, ಈ ಮಿಶ್ರಣ ಮಾಡಿ ಫ್ರಿಡ್ಜ್‌ನಲ್ಲಿ ಇಡ್ಬಹುದಾ. ಮೂರು, ಹೆಣ್ಣು ಮೊಟ್ಟೆ ಇಟ್ರೆ ಕ್ಯಾಲ್ಸಿಯಂಗೆ ಏನು, ಡಾಕ್ಟ್ರೇ ನೀವೇ ಹೇಳ್ಬೇಕು.


ಕಡಲಹಕ್ಕಿ:

ಮೊದಲಿನ ಎರಡಕ್ಕೆ ನಾನು ಹೇಳ್ತೇನೆ. ಲೋರಿಗಳಿಗೆ ಒಣ ಪುಡಿ ಅಂತಲೇ ಬೇರೆ ಫುಡ್ ಉಂಟು, ಅದನ್ನು ಒಣಗಿದ್ದೇ ಇಡಬಹುದು, ಆದರೆ ಪಕ್ಕದಲ್ಲಿ ಶುದ್ಧ ನೀರು ಯಾವಾಗಲೂ ಬೇಕು, ಒಂದು ಬಟ್ಟಲಲ್ಲ ಎರಡು, ಒಂದನ್ನು ಅವು ಸ್ನಾನಕ್ಕೇ ಮುಗಿಸಿಬಿಡ್ತವೆ. ಒಣ ಪುಡಿ ನಾಲಿಗೆಗೆ ಅಂಟಿಕೊಂಡು ನೀರು ಕುಡೀಲಿಕ್ಕೆ ಹೋಗ್ತವೆ, ನೀರಿನ ಬಟ್ಟಲೇ ಪಾಯಸ ಆಗಿರ್ತದೆ ಮಧ್ಯಾಹ್ನಕ್ಕೆ. ಹಾಗಾಗಿ ನೀರನ್ನು ಎತ್ತರದಲ್ಲಿ, ಪುಡಿಯಿಂದ ದೂರ ಇಡಿ. ಆದರೆ ಪೆಲೆಟ್ ಪುಡಿ ಮಾಡಿದ್ದನ್ನು ಹಾಗೆ ಒಣಗಿದ್ದೇ ಕೊಡಬೇಡಿ, ಅದು ಲೋರಿ ಒಣ ಪುಡಿಯಷ್ಟು ಬೇಗ ನೆನೆಯುವುದಿಲ್ಲ. ನೀವು ಬೆಳಿಗ್ಗೆ ಹೋಗುವ ಮೊದಲು ದ್ರವದ ಊಟ ಕೊಡಿ, ಒಂದೆರಡು ಗಂಟೆ ಮೊದಲೇ ಎದ್ದು ಕೊಟ್ಟರೆ ಒಳ್ಳೆಯದು, ಹೋಗುವಾಗ ಆ ಬಟ್ಟಲು ತೆಗೆದು ಹಣ್ಣಿನ ಚೂರು, ಲೋರಿ ಒಣ ಪುಡಿ ಸಿಕ್ಕಿದರೆ ಅದು, ನೀರು ಇಟ್ಟು ಹೋಗಿ, ಸಂಜೆ ಬಂದು ಮತ್ತೆ ದ್ರವ.

ತೆಗೆಯೋದು ಯಾಕೆ ಅಂದ್ರೆ ಸಕ್ಕರೆ, ನೀರು, ಸೆಖೆ ಮೂರೂ ಸೇರಿದ ಕಡೆ ಬ್ಯಾಕ್ಟೀರಿಯಾ, ಯೀಸ್ಟ್ ಬೆಳೀಲಿಕ್ಕೆ ಹೊತ್ತೇ ಬೇಡ. ಸೆಖೆಯಲ್ಲಿ ನಾಲ್ಕು ಗಂಟೆ ಮೇಲೆ ಬಟ್ಟಲು ಇಡಬಾರದು, ತಂಪಿದ್ದರೆ ಸ್ವಲ್ಪ ಹೆಚ್ಚು. ಹುಳಿ ವಾಸನೆ ಬರುವ ತನಕ ಕಾಯುವುದಲ್ಲ, ವಾಸನೆ ಬಂತೆಂದರೆ ಆಗಲೇ ತಡ ಆಗಿದೆ. ಬಾಯಿ ಒಳಗೆ ಬಿಳಿ ಬಿಳಿ ಪದರ ಕಾಣಿಸಿದರೆ, ತಿಂದದ್ದು ಕಕ್ಕಿದರೆ ಕ್ಯಾಂಡಿಡಾ ಅನ್ನುವ ಯೀಸ್ಟ್ ಸೋಂಕು ಇರಬಹುದು, ಡಾಕ್ಟ್ರಿಗೆ ತೋರಿಸಿ. ಬಟ್ಟಲು ಸ್ಟೀಲಿನದ್ದೇ ಬಳಸಿ, ಪ್ಲಾಸ್ಟಿಕ್‌ನಲ್ಲಿ ಗೀರು ಬಿದ್ದ ಕಡೆ ಜಿಡ್ಡು ಕೂತು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬೆರಳಿನಿಂದ ಒಳಗೆ ಸವರಿ ನೋಡಿ, ಜಾರಿದ ಹಾಗೆ ಆದರೆ ಇನ್ನೂ ತೊಳೆದದ್ದು ಸಾಲದು ಅಂತ ಅರ್ಥ. ಎರಡು ಸೆಟ್ ಇಟ್ಟುಕೊಂಡು ಒಂದನ್ನು ಕುದಿಯುವ ನೀರಲ್ಲಿ ಹಾಕಿ ಪೂರ್ತಿ ಒಣಗಿಸಿ, ಅಷ್ಟು ಹೊತ್ತು ಇನ್ನೊಂದು. ಕೂರುವ ಕೋಲು, ಪಂಜರದ ಸರಳು ಸಹ ಮರೆಯಬೇಡಿ, ಕೊಕ್ಕು ಒರೆಸುವುದು ಅಲ್ಲಿಯೇ.

ಫ್ರಿಡ್ಜ್‌ನಲ್ಲಿ ಒಂದು ದಿನದ ಮಟ್ಟಿಗೆ ಇಡಬಹುದು. ನಾನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡ್ತೇನೆ, ಹೊತ್ತಿಗೆ ಬೇಕಾದಷ್ಟು ಕ್ಯೂಬ್ ತೆಗೆದು ಬಿಸಿ ನೀರಿನ ಮೇಲೆ ಬಟ್ಟಲಿಟ್ಟು ಕರಗಿಸಿ ಕೊಡುವುದು, ಉಳಿದದ್ದು ಚೆಲ್ಲುವುದು, ವಾಪಸ್ ಫ್ರಿಡ್ಜ್‌ಗೆ ಇಲ್ಲ. ಮೈಕ್ರೋವೇವ್ ಬೇಡ, ಒಂದು ಕಡೆ ತಣ್ಣಗೆ ಇನ್ನೊಂದು ಕಡೆ ಸುಡುವ ಬಿಸಿ ಆಗ್ತದೆ.


ಪಕ್ಷಿವೈದ್ಯೆ:

ಕಡಲಹಕ್ಕಿ ಹೇಳಿದ್ದಕ್ಕೆಲ್ಲಾ ನನ್ನ ಒಪ್ಪಿಗೆ ಇದೆ.

ಕ್ಯಾಲ್ಸಿಯಂ ಬಗ್ಗೆ, ಹಣ್ಣು ಮತ್ತು ಸಕ್ಕರೆ ನೀರಲ್ಲಿ ಅದು ಬಹಳ ಕಡಿಮೆ, ಹೆಣ್ಣು ಮೊಟ್ಟೆಯ ಚಿಪ್ಪಿಗೆ ತನ್ನ ಮೂಳೆಯಿಂದಲೇ ತೆಗೆದು ಹಾಕತ್ತೆ. ಸಾಲದಾದಾಗ ಮೊಟ್ಟೆ ಒಳಗೇ ಸಿಕ್ಕಿಹಾಕ್ಕೊಳ್ಳತ್ತೆ, ಹೆಣ್ಣು ಪುಕ್ಕ ಉಬ್ಬಿಸ್ಕೊಂಡು ಪಂಜರದ ತಳದಲ್ಲಿ ಕೂತು ತಿಣುಕೋದು ಕಂಡ್ರೆ ಬೆಳಗಾಗೋವರೆಗೂ ಕಾಯ್ಬೇಡಿ, ಅದು ತುರ್ತು. ಈಗಿಂದಲೇ ಕಟಲ್ ಬೋನ್ (ಕಟಲ್ ಫಿಶ್ ಅನ್ನೋ ಕಡಲಜೀವಿಯ ಒಳಚಿಪ್ಪು, ಕ್ಯಾಲ್ಸಿಯಂಗೆ) ಪಂಜರದಲ್ಲಿ ಕಟ್ಟಿ, ಲೋರಿಗಳು ಅದನ್ನ ಅಷ್ಟು ಇಷ್ಟಪಡದೇ ಇದ್ರೆ ಕೆರೆದು ಪುಡಿ ಮಾಡಿ ಚಿಟಿಕೆಯಷ್ಟು ಹಣ್ಣಿನ ಮೇಲೆ ಉದುರಿಸಿ. ದಿನಾ ಸ್ವಲ್ಪ ಹೊತ್ತು ನೇರ ಬಿಸಿಲು ಸಿಗ್ಬೇಕು, ಗಾಜಿನ ಮೂಲಕ ಬಂದದ್ದು ಲೆಕ್ಕಕ್ಕಿಲ್ಲ, ಗಾಜು ವಿಟಮಿನ್ ಡಿ ಮಾಡೋ ಕಿರಣವನ್ನೇ ತಡೆಯತ್ತೆ, ಬಿಸಿಲಿಗಿಟ್ಟಾಗ ಅರ್ಧ ಪಂಜರ ನೆರಳಲ್ಲಿರ್ಲಿ. ಲಿಕ್ವಿಡ್ ಕ್ಯಾಲ್ಸಿಯಂ ಡ್ರಾಪ್ಸ್ ನೀವಾಗೇ ಶುರು ಮಾಡ್ಬೇಡಿ, ಅದರಲ್ಲಿ ವಿಟಮಿನ್ ಡಿ3 ಇರತ್ತೆ, ಪೆಲೆಟ್‌ನಲ್ಲೂ ಇರತ್ತೆ, ಎರಡೂ ಸೇರಿ ಜಾಸ್ತಿ ಆದ್ರೆ ಕಿಡ್ನಿಗೆ ಪೆಟ್ಟು. ಮತ್ತೆ ಊಟ ಬದಲಾಗ್ತಿರೋ ಈ ಹೊತ್ತಲ್ಲಿ ಮರಿ ಮಾಡಿಸೋದು ಬೇಡ ಅನ್ನೋದು ನನ್ನ ಸಲಹೆ, ಪೇಪರ್ ತೆಗೀರಿ, ನೆಸ್ಟ್ ಬಾಕ್ಸ್ ಇದ್ರೆ ತೆಗೀರಿ, ಕತ್ತಲೆ ಮೂಲೆ ಮುಚ್ಚಿ, ರಾತ್ರಿ ಬೇಗ ಲೈಟ್ ಆರಿಸಿ.

ಎಷ್ಟು ದಿನ ಅಂತ ಕೇಳಿದ್ರಿ. ಬರೀ ಸಕ್ಕರೆ ನೀರು ಮತ್ತು ಹಣ್ಣು ಅಂದ್ರೆ ಒಂದೆರಡು ದಿನಕ್ಕಿಂತ ಜಾಸ್ತಿ ಅಲ್ಲವೇ ಅಲ್ಲ. ಕಡಿಮೆ ಕಬ್ಬಿಣದ ಪೆಲೆಟ್ ಬೇಸ್ ಇರೋ ಮಿಶ್ರಣ ಅಂದ್ರೆ ಕೆಲವು ವಾರ ನಿಶ್ಚಿಂತೆಯಿಂದ ನಡೆಸ್ಬಹುದು, ಅಷ್ಟರಲ್ಲಿ ಲೋರಿ ಫುಡ್ ಹುಡುಕ್ತಾ ಇರಿ, ಅದಕ್ಕಿಂತ ಮುಂದೆ ಹೋಗೋದಾದ್ರೆ ನಿಮ್ಮ ಹತ್ತಿರದ ಹಕ್ಕಿ ಡಾಕ್ಟರ್‌ಗೆ ಪೂರ್ತಿ ಪಟ್ಟಿ ತೋರಿಸಿ.

ಕಣ್ಣಲ್ಲಿ ನೋಡಿ ದಪ್ಪಗಿದೆ ತೆಳ್ಳಗಿದೆ ಅಂತ ಹೇಳೋಕಾಗಲ್ಲ, ಪುಕ್ಕ ಎಲ್ಲಾ ಮುಚ್ಚಿಬಿಡತ್ತೆ. ಒಂದೊಂದು ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ ತಗೊಳ್ಳಿ, ಮೇಲೆ ಕೂರೋ ಕೋಲು ಇಟ್ಟು ಸೊನ್ನೆ ಮಾಡಿ, ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ ಊಟಕ್ಕೆ ಮುಂಚೆ ತೂಗಿ ಬರೆದಿಡಿ. ರೇನ್‌ಬೋ ಲೋರಿಕೀಟ್ ಸುಮಾರು 130 ಗ್ರಾಂ ಆಸುಪಾಸು ಇರತ್ತೆ, ಆದ್ರೆ ಬೇರೆ ಹಕ್ಕಿ ತೂಕಕ್ಕೆ ಹೋಲಿಸ್ಬೇಡಿ, ನಿಮ್ಮ ಹಕ್ಕಿಯ ಈಗಿನ ತೂಕವೇ ಅಳತೆಗೋಲು. ಊಟ ಬದಲಾಯಿಸೋ ಅಷ್ಟೂ ದಿನ ದಿನಾ ತೂಗಿ, ಆಮೇಲೆ ವಾರಕ್ಕೊಮ್ಮೆ ಸಾಕು. ಶೇಕಡಾ 5 ಇಳಿದ್ರೆ ಬದಲಾವಣೆ ನಿಲ್ಲಿಸಿ ಹಳೇ ಪೌಡರ್ ಪ್ರಮಾಣ ಹೆಚ್ಚಿಸಿ, ಶೇಕಡಾ 10 ಇಳಿದ್ರೆ ಅವತ್ತೇ ಕರ್ಕೊಂಡು ಹೋಗಿ. ಹೆಣ್ಣಿನ ತೂಕ ಇದ್ದಕ್ಕಿದ್ದ ಹಾಗೆ ಏರಿದ್ರೆ ಮೊಟ್ಟೆ ಬರ್ತಿದೆ ಅಂತ ತಿಳ್ಕೊಳ್ಳಿ, ಊಟದಿಂದ ದಪ್ಪ ಆಯ್ತು ಅಂತ ಕಡಿಮೆ ಮಾಡ್ಬೇಡಿ.


ರೆಕ್ಕೆಗೂಡು:

ಒಂದು ಬಿಟ್ಟುಹೋಗಿತ್ತು. ಮಿಶ್ರಣಕ್ಕೆ ಸೇಬು ಹಾಕುವಾಗ ಬೀಜ ತೆಗೆದು ಹಾಕಿ, ಮಿಕ್ಸಿಯಲ್ಲಿ ಬೀಜ ಒಡೆದ್ರೆ ಅದರಿಂದ ಸಯನೈಡ್ ಬಿಡುಗಡೆ ಆಗತ್ತೆ, ಪೇರ್ಸ್‌ಗೂ ಅದೇ. ಬೆಣ್ಣೆಹಣ್ಣು ಯಾವ ರೂಪದಲ್ಲೂ ಬೇಡ, ಗಿಳಿಗಳಿಗೆ ಅದು ಪ್ರಾಣಕ್ಕೇ ಅಪಾಯ. ಪೆಲೆಟ್ ಬಂದ ಮೇಲೆ ಮೊದಲ ಸಲ ಮಾಡಿದಾಗ ಅವು ಹೇಗೆ ತಿಂದ್ವು, ತಳದಲ್ಲಿ ಎಷ್ಟು ಉಳೀತು ಅಂತ ಇಲ್ಲೇ ಬರೀರಿ, ಗಟ್ಟಿ ತೆಳು ನೋಡಿ ಸರಿ ಮಾಡೋಣ.